ನಿದ್ದೆಯ ಚಿತ್ರಗಳು

ಮೀನುಕೊಳಗಳಿಗೆ ಮೇವು ಹೊರುವ ಲಾರಿ ನನ್ನದು.
ತೈನಾನಿನಾಚೆ, ಚೀಗುವಿನ ಉಪ್ಪುದಾರಿಯಲ್ಲಿ
ಒಂದು ಅಕ್ಟೋಬರ್, ಟೈರು ಪಂಕ್ಚರಾಗಿ ನಿಂತಾಗ
ದಂಡೆಗುಂಟ ಸಾಲು ಮುದುಕರು, ತೋಪಿನಂಥ ಲೆನ್ಸು.
"ಒಮ್ಮೆ ನೋಡು," ಅಂದ ನಿವೃತ್ತ ಪೋಸ್ಟ್‌ಮಾಸ್ಟರ್ ಊ.
ನೋಡಿದೆ.
ಅಲ್ಲಿಗೆ ಮುಗಿಯಿತು.

ಕೊರಿಯಾದಿಂದ ಬರುವ ಕಪ್ಪುಮೊಗದ ಚಮಚಕೊಕ್ಕುಗಳು
ಹಗಲಿಡೀ ನಿದ್ದೆ ಹೊಡೆಯುತ್ತವೆ:
ಒಂಟಿ ಕಾಲು, ರೆಕ್ಕೆಯೊಳಗೆ ಕೊಕ್ಕು,
ಯಾರೋ ಹಿಂಡಿಟ್ಟು ಮರೆತ ಬಿಳಿಬಟ್ಟೆಯ ಮುದ್ದೆ.
ಆ ಮುದ್ದೆಗಳದೇ ನಾಲ್ಕು ಸಾವಿರ ಫೋಟೊ ನನ್ನ ಬಳಿ.
ಮೀನುಗಾರನ ಮಗ, ಗಾಳ ಗೊತ್ತು ನನಗೆ;
ಕೊಸರಿದಷ್ಟೂ ಆಳಕ್ಕಿಳಿಯುತ್ತದೆ.
ಲೆನ್ಸಿಗೆ ಸ್ಕೂಟರು ಹೋಯಿತು,
ಟ್ರೈಪಾಡಿಗೆ ಹೊಸವರ್ಷದ ಬೋನಸ್ಸು.
ಮೇವು ತಡವಾಯಿತೆಂದು ಕೊಳದವರು ಬೈಯುವಾಗಲೂ
ಕಣ್ಣು ಅವರ ಹೆಗಲಾಚೆ, ನೀರಿನ ಮೇಲೆ.

ಹೆಂಡತಿ ಬೀ-ಶ್ಯಾ ಸಿಂಪಿ ಬಿಡಿಸುತ್ತಾಳೆ, ಕಿಲೋಗಿಷ್ಟೆಂದು.
ಒಂದು ರಾತ್ರಿ ಕೈಯೊರೆಸಿಕೊಂಡು
ಒಂದೊಂದೇ ಚಿತ್ರ ಸರಿಸುತ್ತ ಹೋದಳು, ಆರುನೂರರವರೆಗೆ.
"ಇಪ್ಪತ್ತಾರು ವರ್ಷ ನಿನ್ನ ಪಕ್ಕದಲ್ಲೇ ಮಲಗಿದ್ದೇನೆ,
ನನ್ನದೊಂದೂ ಇಲ್ಲ."

ಮರುದಿನ ಮಧ್ಯಾಹ್ನ
ಚಿಪ್ಪಿನ ರಾಶಿಯ ಬಳಿ ಕೂತಲ್ಲೇ ತೂಕಡಿಸಿದ್ದಳು;
ಮಡಿಲಲ್ಲಿ ಕತ್ತಿ, ಎದೆಗಿಳಿದ ಗದ್ದ,
ಗಂಬೂಟಿನಿಂದ ಹೊರಬಂದ ಒಂದೇ ಕಾಲು.
ತಗಡಿನ ಸಂದಿಯಿಂದ ಓರೆ ಬೆಳಕು.
ಉಸಿರು ಬಿಗಿಹಿಡಿದು ಮಂಡಿಯೂರಿದೆ.

ಫೋಕಸ್ಸೇ ಆಗದು.
ಆ ಲೆನ್ಸಿಗೆ ಅವಳು ತೀರಾ ಹತ್ತಿರ.
ಹಿಂದೆ ಸರಿದೆ. ಇನ್ನೂ ಹಿಂದೆ.
ಬಾಗಿಲು ದಾಟಿ, ಚರಂಡಿ ದಾಟಿ, ರಸ್ತೆಗೆ.
ಕಣ್ಣು ತೆರೆಯದೆಯೇ ಕೂಗಿದಳು:
"ಬಸ್ಸು ಬರುವ ಹೊತ್ತು. ನೋಡಿಕೋ."