ಬಲ ಪೆಡಲಿನ ರಬ್ಬರು

ಆರು ತಿಂಗಳಿಗೊಮ್ಮೆ ಬಲ ಪೆಡಲಿನ ರಬ್ಬರು ಬದಲಿಸುತ್ತೇನೆ.
ಎಡದ್ದು ಇನ್ನೂ ಕಾರ್ಖಾನೆಯಿಂದ ಬಂದ ಹಾಗೇ ಇದೆ,
ಒಂದು ಗೀರೂ ಅಳಿಯದೆ.
ಕ್ಯಾಪ್ಟನ್ ಕರ್ಕೇರರಿಗೆ ಎಡ ಎಂಜಿನ್ನನ್ನೇ ಕೊಲ್ಲುವ ಚಟ.

ಶಾರ್ಜಾ, ರಾತ್ರಿ ಎರಡೂವರೆ.
ಹೊರಗೆ ಗೋದಾಮಿನ ತಗಡಿನ ಮೇಲೆ ಆಗಸ್ಟು ಇನ್ನೂ ಆರಿಲ್ಲ.
ಒಳಗೆ, ಆರು ಹೈಡ್ರಾಲಿಕ್ ಕಾಲಿನ ಮೇಲೆ ನಿಂತ ಡಬ್ಬಿಯಲ್ಲಿ
ವಿಮಾನವೊಂದು ನೆಲ ಬಿಡುತ್ತಿದೆ.
ಅದು ಎಲ್ಲಿಗೂ ಹೋಗುವುದಿಲ್ಲ.
ಎಣ್ಣೆ ಸೋರದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಇಳಿದು ಬರುವವರ ಮುಖ ನಾನು ನೋಡುವುದಿಲ್ಲ.
ಬಲಗಾಲು ನಡುಗುತ್ತಿದ್ದರೆ ಸತ್ತದ್ದು ಎಡ ಎಂಜಿನ್.
ಸತ್ತ ಕಡೆಯ ಕಾಲಿಗೆ ಕೆಲಸವಿಲ್ಲ, ಸುಮ್ಮನೆ ಕೂರುತ್ತದೆ;
ಉಳಿದ ಕಾಲೇ ಬಾಲದ ಗಾಳಿಯನ್ನೆಲ್ಲ ತುಳಿದು ಹಿಡಿಯಬೇಕು.

ಇವತ್ತು ಶಮ್ಮಾ. ಇಪ್ಪತ್ತೆರಡು. ಬಿಳಿ ಕ್ಯಾನ್ವಾಸ್ ಶೂ.
ಮಾನಿಟರಿನಲ್ಲಿ ಕಂಡೆ:
ಚಕ್ರ ಎತ್ತಿದ ಮೂರನೇ ಸೆಕೆಂಡಿಗೆ ಕರ್ಕೇರರ ಬೆರಳು.
ಮೂಗು ಎಡಕ್ಕೆ ಜಾರಿತು, ಹಿಂದೆಯೇ ರೆಕ್ಕೆ.
ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು:
ಉಳಿದದ್ದಕ್ಕೆ ಇದ್ದಬದ್ದ ಶಕ್ತಿಯೆಲ್ಲ ಕೊಟ್ಟು
ಮೂಗನ್ನು ಇನ್ನೂ ಮೇಲಕ್ಕೆಳೆದಳು.
ವೇಗ ಇಳಿಯಿತು. ವೇಗ ಇಳಿದರೆ ಚುಕ್ಕಾಣಿ
ಬರೀ ತಗಡು.
ಬದುಕಿದ್ದ ಎಂಜಿನ್ನೇ ವಿಮಾನವನ್ನು ಸತ್ತದ್ದರ ಮೇಲೆ ಮಗುಚಿ
ಕಡಲಿಗೆ ಬಿಸಾಡಿತು.
ಪರದೆ ಕೆಂಪಾಯಿತು.

ಕರ್ಕೇರ ಬೈಯಲಿಲ್ಲ. ಚಹಾ ಗುಟುಕರಿಸಿ ಮೈಕಿಗೆ ಬಾಗಿದರು:
‘ನಿನ್ನನ್ನು ಮಗುಚಿದ್ದು ಸತ್ತದ್ದಲ್ಲ, ಮಗಳೇ.
ಬದುಕಿದ್ದರ ಜೋರು ಕೊಂಚ ಇಳಿಸು. ಮೂಗು ಬಗ್ಗಿಸು.
ವೇಗ ಬಂದ ಮೇಲೆ ಕೊಡು, ಕಾಲು ತಾಳುವಷ್ಟೇ ಕೊಡು.
ಅದರ ಕಡೆಗೇ ಐದು ಡಿಗ್ರಿ ವಾಲು.
ಗೋಲಿ ನಡುವಿಗೇ ಬರಬೇಕೆಂದಿಲ್ಲ,
ಅರ್ಧ ಆಚೆ ಇದ್ದರೂ ಹಾರಬಹುದು.’

ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ.
ತಮ್ಮ ದೋಣಿ ಬಿಟ್ಟು ಮಲಗಿದ ವರ್ಷ
ಇಲ್ಲಿ ನಾನು ಎರಡೆರಡು ಪಾಳಿ ದುಡಿದೆ.
ತಿಂಗಳು ತಿಂಗಳೂ ಹೆಚ್ಚು ಕಳಿಸಿದೆ.
ಕಳಿಸಿದಷ್ಟೂ ಫೋನಿನಲ್ಲಿ ಅವನ ದನಿ ಸಣ್ಣಗಾಯಿತು.
ಆಮೇಲೆ ಎತ್ತುವುದನ್ನೇ ಬಿಟ್ಟ.
ಗಂಗೊಳ್ಳಿಯಲ್ಲಿ ಯಾರೂ ನನಗೆ
ಸ್ವಲ್ಪ ಇಳಿಸು ಅನ್ನಲಿಲ್ಲ. ಹೊಗಳಿದರು.

ನಾಲ್ಕನೇ ಸಲಕ್ಕೆ, ಫಜರಿನ ಬಾಂಗ್ ಕೇಳುವ ಹೊತ್ತಿಗೆ,
ಶಮ್ಮಾ ಹಾರಿದಳು: ಓರೆಯಾಗಿ, ಏಡಿಯ ಹಾಗೆ,
ನಿಮಿಷಕ್ಕೆ ನೂರೇ ಅಡಿ ಏರುತ್ತ.
ಬಾಗಿಲು ತೆರೆದಾಗ ಬಲಗಾಲು ಗಡಗಡ.
ತಾನೇ ನಕ್ಕು ಮೊಣಕಾಲು ಹಿಡಿದುಕೊಂಡಳು.
ಕುರ್ಚಿ ಎಳೆದು ಕೊಟ್ಟೆ.

ಆಮೇಲೆ ಟಾರ್ಚು ಕಚ್ಚಿಕೊಂಡು ಪೆಡಲಿನಡಿ ನುಸುಳಿದೆ.
ಹೋದ ತಿಂಗಳ ರಬ್ಬರು, ಆಗಲೇ ನುಣುಪು.
ಎಡದ್ದನ್ನು ಬಿಚ್ಚಿ ಬಲಕ್ಕೆ ಹಿಡಿದು ನೋಡಿದೆ.
ತೂತು ಕೂಡುವುದಿಲ್ಲ.