ಷರಾ

ನಲವತ್ತೊಂದು ನೋಟ್‌ಪುಸ್ತಕ.
ನಾನು ಕೊಟ್ಟ ವಿಷಯ: ಮುಳುಗಿದ ಬಾಗಲಕೋಟೆಯಲ್ಲಿ ನಮ್ಮ ಮನೆ.
ಹತ್ತೊಂಬತ್ತು ಮಂದಿಯ ಅಂಗಳದಲ್ಲಿ ಆಲದ ಮರ,
ಅದರ ಕೆಳಗೆ ಕಥೆ ಹೇಳುವ ಹತ್ತೊಂಬತ್ತು ಅಜ್ಜಂದಿರು,
ಹತ್ತೊಂಬತ್ತು ಸಲ ನೆನಪಿನ ಅಲೆ ಮನದ ದಡಕ್ಕೆ ಅಪ್ಪಳಿಸಿತ್ತು.
ಘಟಪ್ರಭೆ ಕೂಡ ಹಾಗೆ ಅಪ್ಪಳಿಸಿರಲಿಲ್ಲ.
ಅದು ಬಂದದ್ದು ಮೆಲ್ಲಗೆ, ಗೇಣು ಗೇಣು,
ಮೊದಲು ನೋಟಿಸು ಕೊಟ್ಟು.

ನವನಗರದ ಶಾಲೆ, ಹತ್ತನೆಯ ಬ ವಿಭಾಗ.
ಮೊಬೈಲಿಗೆ ಕೇಳಿ ಬರೆದವರು ಎದ್ದು ನಿಲ್ಲಿ, ಅಂದೆ.
ಯಾರೂ ಏಳಲಿಲ್ಲ.
ಫ್ಯಾನು ತನ್ನ ಪಾಡಿಗೆ ಕಿರುಗುಡುತ್ತಿತ್ತು.

ಕೊನೆಗೆ ಹಿಂದಿನ ಬೆಂಚಿನ ಸಂಗನಬಸು ಎದ್ದ,
ಕೈಯಲ್ಲಿ ಹೋದ ತಿಂಗಳ ಪುಸ್ತಕ.
“ಅಕ್ಕೋರ, ಒಂದ್ ಮಾತ್ರಿ.
ನನಗ ನೀವು ಬರದ ಷರಾ
ಸಾನಿಯಾನ ಪುಸ್ತಕದಾಗೂ ಹಂಗ ಐತ್ರಿ:
‘ಅಭಿವ್ಯಕ್ತಿಯಲ್ಲಿ ಸೂಕ್ಷ್ಮ ಸಂವೇದನೆ ಇದೆ, ಇನ್ನಷ್ಟು ಆಳಕ್ಕಿಳಿ.’
ನಾ ಅವತ್ತ ಬರೇ ಹೆಸರು ಬರದು ಕೊಟ್ಟಿದ್ನಿರಿ.”

ನಗು ಮೊದಲು ಕಿಟಕಿ ಕಡೆಯಿಂದ ಬಂತು.

ಹೌದು, ಆ ವಾರ ಮತದಾರರ ಪಟ್ಟಿ, ಮನೆಮನೆ ಗಣತಿ,
ಬಿಸಿಯೂಟದ ಮೊಟ್ಟೆ ಲೆಕ್ಕ.
ರಾತ್ರಿ ಹನ್ನೊಂದಕ್ಕೆ ಫೋನಿಗೆ ಹೇಳಿದ್ದೆ:
ನಲವತ್ತೊಂದು ಷರಾ ಕೊಡು, ಮೆತ್ತಗಿರಲಿ.
ಎಲ್ಲ ಕೊಟ್ಟಿತೋ, ಹತ್ತನ್ನೇ ತಿರುಗಿಸಿ ಕೊಟ್ಟಿತೋ
ನಾನು ನೋಡಲಿಲ್ಲ.
ಓದದೆ ಅವರು ಬರೆದದ್ದಕ್ಕೆ
ಓದದೆ ನಾನು ಬರೆದೆ, ಕೆಂಪು ಶಾಯಿಯಲ್ಲಿ, ದುಂಡಗೆ.

“ನಾ ಮೊದಲ ನಿಂತೇನಿ,” ಅಂದೆ. “ಇನ್ನ ನೀವು ಏಳ್ರಿ.”

ಬೆಂಚುಗಳು ಕರಕರ ಸರಿದವು.
ಎಣಿಸಿದೆ: ಇಪ್ಪತ್ತೆರಡು.
ಮೂವರ ಜಾಣತನ ನನಗೆ ಸಿಕ್ಕೇ ಇರಲಿಲ್ಲ.

ಅದೇ ವಿಷಯ ಮತ್ತೆ ಕೊಟ್ಟೆ. ಫೋನಿಗೂ ಕೇಳಿ, ಅಂದೆ,
ಕೇಳಿದ್ದೇನು ಅಂತ ಮೇಲೆ ಬರೆಯಿರಿ.
ಅದು ಹೇಳಿದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ.
ಯಾರಾದರೂ ನಕ್ಕರೆ
ಅಲ್ಲಿಂದ ಶುರು ಮಾಡಿ.

ಸಾನಿಯಾ ನದಾಫಳ ಆಯಿ ನಕ್ಕಳಂತೆ.
“ಆಲದ ಮರ ಎಲ್ಲಿಂದ ತರ್ತಿ?
ಎರಡು ಗಾದಿ ಹಾಸಿದ್ರ ಓಣಿ ತುಂಬತಿತ್ತು.
ಹತ್ತಿ ಹಿಂಜೋ ಧೂಳಿಗೆ ಕಾಗಿ ಸೈತ ಕೂಡ್ತಿರಲಿಲ್ಲ.”
ಮನೆ ಬಿಡುವಾಗ ಬಾಗಿಲು ಕಿತ್ತು ಟ್ರ್ಯಾಕ್ಟರಿಗೆ ಹಾಕಿದರಂತೆ.
ಪರಿಹಾರದವರು ಬರೆದ ಕೆಂಪು ನಂಬರು
ಇನ್ನೂ ಅದರ ಮೇಲಿದೆ, ಮುನ್ನೂರ ಹದಿನೆಂಟು.
ಈಗ ಅದು ಬಚ್ಚಲದ ಬಾಗಿಲು.

ಕಾಗುಣಿತ ನೋಡಲು ಫೋನಿಗೆ ಕೊಟ್ಟಿದ್ದಾಳೆ ಹುಡುಗಿ.
ಅದು ಏಳು ಕಡೆ ‘ಐತಿ’ ತೆಗೆದು ‘ಇದೆ’ ಮಾಡಿತ್ತು.
ಆರನ್ನು ಹೊಡೆದು ಮತ್ತೆ ‘ಐತಿ’ ಬರೆದಿದ್ದಾಳೆ.
ಒಂದನ್ನು ಮಾತ್ರ ಬಿಟ್ಟಿದ್ದಾಳೆ,
ಆಯಿ ಕಚೇರಿಯ ಸಾಹೇಬರ ಮುಂದೆ ನಿಂತು
“ನಮ್ಮ ಮನೆ ಇದೆ” ಅಂದಲ್ಲಿ.

ಪುಟದ ತಳದಲ್ಲಿ, ಸಣ್ಣ ಅಕ್ಷರ:
ಪ್ರಶ್ನಿ ಫೋನಿಂದು. ಮಾತು ಆಯಿದು.
ತಪ್ಪಿದ್ರ ನಂದು.

ಎಲ್ಲರದೂ ಹೀಗಿಲ್ಲ.
ಐವರ ಅಂಗಳದಲ್ಲಿ ಆಲದ ಮರ ಹಾಗೇ ನಿಂತಿದೆ.
ಸಂಗನಬಸು ನಾಲ್ಕೇ ಸಾಲು ಬರೆದಿದ್ದಾನೆ,
ಮೂರು ಸಾಲು ಗಾಡಿ ಹತ್ತಲು ಒಪ್ಪದ ಎಮ್ಮೆಯದು.

ಈಗ ರಾತ್ರಿ. ಫೋನು ಬೋರಲು ಹಾಕಿದ್ದೇನೆ.
ಸಾನಿಯಾಳ ಪುಟಕ್ಕೆ ಪೆನ್ನು ಇಟ್ಟರೆ
‘ಸೂಕ್ಷ್ಮ ಸಂವೇದನೆ’ ತಾನಾಗಿಯೇ ಬರುತ್ತದೆ.
ಅದು ಮೊದಲಿಂದ ನನ್ನದೋ, ಅದರದೋ?
ಮೂರು ಸಲ ಹೊಡೆದು ಹಾಕಿ
ಕೊನೆಗೆ ಬರೆದೆ:
ಆ ಬಾಗಿಲು ನೋಡಬೇಕಲ್ಲ. ಭಾನುವಾರ ಬರಲೇನು?

ಒಂದಾತು.
ಇನ್ನ ನಲವತ್ತು ಉಳದಾವ.