ಶಾವಿಗೆ ಒರಳು

ನಿನ್ನೆ ರಾತ್ರಿ ನನ್ನ ನಕ್ಷತ್ರದೊಳಗೆ
ಶಬ್ದ ಬೆಳಕನ್ನು ಹಿಂದಿಕ್ಕಿ ಓಡಿತು.
ಹಾಗಾಗಕೂಡದು. ಅಳಿಸಿದೆ.
ಮೂರು ತಿಂಗಳ ಲೆಕ್ಕ, ಒಂದು ಗುಂಡಿ ಒತ್ತಿದರೆ ಹೋಯಿತು.

ಬೆಳಗ್ಗೆ ಗೌರಿಬಿದನೂರಿನಾಚೆ ಆಂಟೆನಾಗಳ ಹೊಲ.
ಸಾಲು ಸಾಲು ಕಂಬ, ಟೊಮೆಟೊಗೆ ನೆಟ್ಟ ಊರುಗೋಲಿನ ಹಾಗೆ.
ಹಬ್ಬಬೇಕಾದ ಬಳ್ಳಿ ಮಾತ್ರ
ಮೇಲಿನಿಂದ ಬರಬೇಕು.

ಮೆಸ್ಸಿನ ಹಿಂದೆ ಗಂಗುಲಮ್ಮ ಒರಳು ಹೂಡಿದ್ದರು:
ಮೂರು ಕಾಲು, ಹಿತ್ತಾಳೆ ಬಿಲ್ಲೆ, ಉದ್ದನೆಯ ಸನ್ನೆಮರ.
"ಬಾಮ್ಮ, ಸುಮ್ನೆ ನಿಂತಿದ್ದೀಯ, ಮೇಲೆ ಕೂತ್ಕೊ.
ಓದಿದೋರ ಭಾರಾನೂ ಭಾರವೇ."

ಕೂತೆ.
ಬೆಂದ ರಾಗಿಹಿಟ್ಟಿನ ಉಂಡೆ ಮೊದಲು ಹಟ ಹಿಡಿಯಿತು,
ಆಮೇಲೆ ಒಮ್ಮೆಲೇ ನೂರು ಎಳೆಯಾಗಿ ಒಪ್ಪಿಕೊಂಡಿತು.

ಅಲ್ಲೂ ಹೀಗೇ, ಅಂದೆ.
ದೊಡ್ಡ ನಕ್ಷತ್ರ ಸತ್ತು, ತನ್ನ ಮೇಲೆ ತಾನೇ ಕೂತು
ಇಲ್ಲಿಂದ ಹಿಂದೂಪುರದಷ್ಟಗಲಕ್ಕೆ ಕುಗ್ಗುತ್ತದೆ.
ತೊಗಟೆಯ ಅಡಿಯಲ್ಲಿ ಮೊದಲು ಉಂಡೆ ಉಂಡೆ,
ಇನ್ನೂ ಒತ್ತಿದರೆ ಶಾವಿಗೆ,
ಇನ್ನೂ ಒತ್ತಿದರೆ ಒಬ್ಬಟ್ಟು ಪೇರಿಸಿದಂತೆ ಹಾಳೆ ಮೇಲೆ ಹಾಳೆ.
ಒಂದು ಚಮಚ ನಂದಿಬೆಟ್ಟಕ್ಕೆ ಸಮ ಎಂದು
ಶಾಲೆ ಮಕ್ಕಳಿಗೆ ಹೇಳುವುದನ್ನು ಆಕೆಗೆ ಹೇಳಲಿಲ್ಲ.
ತೂಕದ ಮಾತಿಗೆ ಮರುಳಾಗುವವರಲ್ಲ.

"ಅದಕ್ಕೂ ಒಳಗೆ?"

ಸನ್ನೆಮರ ಕಿರ್ ಅಂದಿತು.
ಅದೇ ಗೊತ್ತಿಲ್ಲ.
ಹಿಟ್ಟು ಹಿಟ್ಟಾಗಿಯೇ ಉಳಿಯುತ್ತದೋ,
ಕಾಳಿಗೂ ಮೊದಲು ಏನಿತ್ತೋ ಅದಾಗುತ್ತದೋ.
ಯಾರೂ ಮುಚ್ಚಳ ತೆಗೆದು ನೋಡಿಲ್ಲ.
ನಮಗೆ ಸಿಗುವುದು ತಿರುಗುವ ಮಿಡಿತ ಮಾತ್ರ:
ಸೆಕೆಂಡಿಗೆ ಹನ್ನೊಂದು ಸುತ್ತು,
ದಿನದಿನವೂ ಕೂದಲೆಳೆಯಷ್ಟು ನಿಧಾನ.
ಒಂದು ದಿನ, ಯಾಕೋ, ತಟಕ್ಕನೆ ಚುರುಕು.
ಒಳಗೇನೋ ಜಾರಿತು ಅನ್ನುತ್ತೇವೆ.

ಗಂಗುಲಮ್ಮ ಎಳೆಗಳನ್ನು ತಟ್ಟೆಗೆ ಸುತ್ತಿಕೊಳ್ಳುತ್ತಾ:
"ನಮ್ಮತ್ತೆ ಹಂಗೇ ಇದ್ಳು.
ನಲವತ್ತು ವರ್ಷ ಒಂದು ಮಾತಿಲ್ಲ.
ಒಂದಿನ ಎದ್ದು, ಜಡೆ ಹಾಕ್ಕೊಂಡು,
ಗುಡಿಬಂಡೆ ಬಸ್ಸು ಹತ್ತಿದ್ಳು."

ವಾಪಸ್ಸು ಬಂದರಾ?

"ಸಂಜೆಗೇ ಬಂದ್ಳು. ಯಾರೂ ಕೇಳ್ಲಿಲ್ಲ, ಅವಳೂ ಹೇಳ್ಲಿಲ್ಲ.
ಆದ್ರೆ ಅವತ್ತಿಂದ
ನಡಿಗೆ ಜೋರಾಯ್ತು."

ಬಿಲ್ಲೆಯ ತೂತುಗಳಲ್ಲಿ ಹಿಟ್ಟು ಒಣಗತೊಡಗಿತ್ತು.
ಆಕೆ ಪೊರಕೆಕಡ್ಡಿಯಿಂದ ಒಂದೊಂದನ್ನೇ ಬಿಡಿಸಿದರು.
ನಾನು ಕಾಯಿಹಾಲಿನಲ್ಲಿ ಎರಡು ತಟ್ಟೆ ತಿಂದೆ.

ಮಧ್ಯಾಹ್ನ ಹೊಸ ಫೈಲು ತೆರೆದಾಗ
ಹೆಸರೇನು ಎಂದು ಕಂಪ್ಯೂಟರು ಕೇಳಿತು.
ಅತ್ತೆ, ಎಂದು ಬರೆದೆ.
ತೊಗಟೆಯಿಂದ ಲೆಕ್ಕ ಶುರುಮಾಡಿದೆ,
ನಡುವಿನ ಸಾಲು ಸದ್ಯಕ್ಕೆ ಖಾಲಿ.